1600 ಮೀಟರ್ ಓಡಿದರೆ ಕಬಡ್ಡಿ ಬರುತ್ತಾ?

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಸೋಮಾರಿತನ... ನೆಪಗಳಿಗೇನು ಬರ. ಇವತ್ತು ಬರೀತಿರೋದು ಮಾತ್ರ ಬರೀ ಸಿಟ್ಟಿಗೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಮಸ್ಕಿ. 1915ರಲ್ಲಿ ಅಶೋಕನ ಹೆಸರಿರೋ ಶಾಸನ ಸಿಕ್ಕ ಊರು ಅಂದ್ರೆ ಕೆಲವರಿಗೆ ನೆನಪಾಗುತ್ತೆ, ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವಾಗ ನಡುವೆ ಸಿಗೋ ಊರು ಅಂದ್ರೆ ಇನ್ನು ಕೆಲವರಿಗೆ :-) ಮನೆ ಮುಂದಿನ ಕಟ್ಟೆ ಮೇಲೆ ಚಿಕ್ಕಪ್ಪನ ಮಗ ಎಡಗಾಲು ಚಾಚಿಕೊಂಡು ಕೂತಿದ್ದ. ಸಿಂಧನೂರಿನ ಕಡೆ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆ ವರ್ಷ. ಕಬಡ್ಡಿಯಲ್ಲಿ ರೈಡರ್. ಈ ಸಲ ಯೂನಿವರ್ಸಿಟಿ ಬ್ಲೂ ಆಗೇ ಆಗ್ತೀನಿ ಅಂತ ಎರಡು ವರ್ಷದಿಂದ ಹೇಳ್ತಿದ್ದವನು.

"ಯಾಕಪಾ, ಏನಾತು?"

"ಸೆಲೆಕ್ಷನ್‌ನ್ಯಾಗ ಕಾಲು ಹಿಡಕೊಂತಣ್ಣ. ತೊಡಿ ಹಿಂದ ಪಟ್ ಅಂತು, ಕುಂತಬಿಟ್ನಿ."

ಬಿಡಿಸಿ ಬಿಡಿಸಿ ಕೇಳಿದಾಗ ಗೊತ್ತಾಗಿದ್ದು ಇಷ್ಟು. ರಜೆ ಮುಗಿದು ಕಾಲೇಜು ಶುರುವಾದ ನಾಲ್ಕನೇ ದಿನ ಫಿಟ್‌ನೆಸ್ ಟೆಸ್ಟ್. ಬೆಳಿಗ್ಗೆ ಹತ್ತು ಗಂಟೆ ಬಿಸಿಲಲ್ಲಿ ಮೊದಲು 1600 ಮೀಟರ್ ಓಟ. ಉಸಿರು ತಿರುಗೋ ಮೊದಲೇ 50 ಮೀಟರ್ ಡ್ಯಾಶ್, ಜೀವ ಬಿಟ್ಟು ಓಡಬೇಕು. ಯಾರು ಹಿಂದೆ ಬಿದ್ದರೋ ಅವರು ಔಟ್. ಇವನು ಹಿಂದೆ ಬೀಳಲಿಲ್ಲ, ಕೆಳಗೇ ಬಿದ್ದ. ಹೋದ ವರ್ಷವೂ ಅದೇ ತೊಡೆಯ ಸ್ನಾಯು ನೋವಾಗಿ ಹದಿನೈದು ದಿನ ಎಣ್ಣೆ ತಿಕ್ಕಿಸಿಕೊಂಡಿದ್ದನಂತೆ. ಅದನ್ನ ಯಾರಾದರೂ ಕೇಳಿದ್ರಾ ಅಂದೆ. "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ರ ಕೈ ಬಿಡ್ತಾರಲ್ಲಣ್ಣ" ಅಂದ.

ಅಲ್ಲಿನ ಮಾಸ್ತರರು ಏನಂದರು ಗೊತ್ತಾ? ಎರಡು ತಿಂಗಳು ಮಲಗಿ ಎದ್ದು ಬಂದರೆ ಹೀಗೇ ಆಗೋದು ಅಂತ. ಮಲಗಿದ್ದ?! ಆ ಎರಡು ತಿಂಗಳು ಅವನು ಸಿಂಧನೂರು ಗಂಜ್‌ನಲ್ಲಿ ಭತ್ತದ ಚೀಲ ಹೊತ್ತಿದ್ದಾನೆ. ಅವನ ಜೊತೆಯ ಇಬ್ಬರು ಬೆಂಗಳೂರಿಗೆ ಗುಳೆ ಬಂದು ಕಟ್ಟಡದ ಕೆಲಸ ಮಾಡಿದ್ದಾರೆ. ನಮ್ಮ ಕಡೆ ಹುಡುಗರ ರಜೆ ಅಂದ್ರೆ ಇದೇ. ಅವರಿಗೆ ಶಕ್ತಿ ಇಲ್ಲ ಅಂತಲ್ಲ, ಜಿಮ್ಮಿನ ಹುಡುಗರು ಎರಡು ಚೀಲಕ್ಕೇ ಸುಸ್ತಾಗ್ತಾರೆ. ಆದರೆ ಚೀಲ ಹೊರೋ ಕಾಲಿಗೆ ಪೂರ್ತಿ ವೇಗದಲ್ಲಿ ಓಡೋ ಅಭ್ಯಾಸ ಇರಲ್ಲ. ವೇಗವಾಗಿ ಓಡುವಾಗ ಪಾದ ನೆಲ ಮುಟ್ಟೋ ಸ್ವಲ್ಪ ಮೊದಲು, ಮುಂದೆ ಚಾಚಿದ ಕಾಲನ್ನು ಹಿಂದಕ್ಕೆ ಎಳೆದು ತಡೆಯೋದು ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಅತಿ ಹೆಚ್ಚು ಎಳೆತ ಬೀಳೋದು ಆಗಲೇ. ಎರಡು ತಿಂಗಳು ಆ ಎಳೆತವನ್ನೇ ಕಾಣದ ಸ್ನಾಯುವಿಗೆ, ಅದರಲ್ಲೂ ಒಮ್ಮೆ ನೋವಾಗಿದ್ದಕ್ಕೆ, ನಾಲ್ಕನೇ ದಿನವೇ ಪೂರ್ತಿ ವೇಗ ಕೇಳಿದರೆ ಪಟ್ ಅನ್ನದೆ ಇನ್ನೇನು ಮಾಡುತ್ತೆ?

ನಮ್ಮ ಕೆಲಸದಲ್ಲಿ ಯಾರಾದರೂ ತಿಂಗಳುಗಟ್ಟಲೆ ಆರಿಸಿಟ್ಟ ಸರ್ವರನ್ನು ಆನ್ ಮಾಡಿ, ಮೊದಲ ನಿಮಿಷದಲ್ಲೇ ಪೂರ್ತಿ ಲೋಡ್ ಹಾಕಿ, ಸುಟ್ಟು ಹೋದ ಮೇಲೆ "ನೋಡಿ, ಸರ್ವರ್ ಸರಿ ಇರಲಿಲ್ಲ" ಅಂದರೆ ಅವರನ್ನ ಮೀಟಿಂಗಿನಲ್ಲಿ ಹುರಿದು ತಿನ್ನುತ್ತಾರೆ. ಮೈದಾನದಲ್ಲಿ ಅದಕ್ಕೆ ಸೆಲೆಕ್ಷನ್ ಅಂತ ಹೆಸರು.

ಇನ್ನೊಂದು ಪ್ರಶ್ನೆ. ಕಬಡ್ಡಿಗೆ 1600 ಮೀಟರ್ ಯಾಕೆ? ಒಂದು ರೈಡಿಗೆ ಇರೋದು 30 ಸೆಕೆಂಡು. ಅಷ್ಟರಲ್ಲಿ ನುಗ್ಗಬೇಕು, ತಿರುಗಬೇಕು, ನಾಲ್ಕು ಜನ ಕಾಲು ಹಿಡಿದಾಗ ಜಿಗಿಯಬೇಕು. ಈ 1600 ಬಂದಿದ್ದು ಬಹುಶಃ ಪೊಲೀಸ್ ಭರ್ತಿಯಿಂದ. ನಮ್ಮ ರಾಜ್ಯದ ಕಾನ್‌ಸ್ಟೆಬಲ್ ಭರ್ತಿಯಲ್ಲಿ ಗಂಡಸರು 6 ನಿಮಿಷ 30 ಸೆಕೆಂಡಿನಲ್ಲಿ ಅಷ್ಟು ದೂರ ಮುಗಿಸಬೇಕಲ್ಲ, ಅದೇ. ಸ್ಟಾಪ್‌ವಾಚ್ ಒಂದಿದ್ದರೆ ಸಾಕು, ನೂರು ಹುಡುಗರನ್ನ ಒಂದೇ ಬೆಳಿಗ್ಗೆ ಸೋಸಬಹುದು. ಅನುಕೂಲ ಮಾಸ್ತರರಿಗೆ, ಕಾಲು ಹುಡುಗರದ್ದು.

ಸೋಸೋ ಓಟ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದನ್ನ 2024ರ ಆಗಸ್ಟ್‌ನಲ್ಲಿ ಜಾರ್ಖಂಡ್ ತೋರಿಸಿತು. ಅಬಕಾರಿ ಕಾನ್‌ಸ್ಟೆಬಲ್ ಭರ್ತಿಗೆ 60 ನಿಮಿಷದಲ್ಲಿ 10 ಕಿ.ಮೀ. ಓಟ. ಹತ್ತಕ್ಕೂ ಹೆಚ್ಚು ಹುಡುಗರು ಸತ್ತರು. ಕಾರಣ ಏನು ಅಂತ ರಾಜಕೀಯದವರು ಕಿತ್ತಾಡಿಕೊಂಡರು. ಅಮೆರಿಕದ ಕಾಲೇಜುಗಳಲ್ಲಿ ದುಡ್ಡು, ಡಾಕ್ಟರು, ಐಸ್ ತೊಟ್ಟಿ ಎಲ್ಲಾ ಇದ್ದೂ ಇಂಥದ್ದೇ ಆಗಿದೆ. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡಾನ್ ಮೆಕ್‌ನೇರ್ ಅನ್ನೋ 19 ವರ್ಷದ ಹುಡುಗ 110 ಗಜದ ಓಟಗಳನ್ನು ಮತ್ತೆ ಮತ್ತೆ ಓಡುತ್ತಾ ಬಿಸಿಲಿನ ಹೊಡೆತಕ್ಕೆ ಕುಸಿದು, ಎರಡು ವಾರದಲ್ಲಿ ತೀರಿಕೊಂಡ. ರಾಯಚೂರು ಜಿಲ್ಲೆಯ ಬಿಸಿಲಿನ ಬಗ್ಗೆ ನಾನು ಬೇರೆ ಹೇಳಬೇಕಾ?

"ಹಾಗಾದರೆ ವೈಜ್ಞಾನಿಕವಾಗಿ ಟೆಸ್ಟ್ ಮಾಡಲಿ, ಯಾರಿಗೆ ಗಾಯ ಆಗುತ್ತೆ ಅಂತ ಮೊದಲೇ ಕಂಡುಹಿಡಿಯೋಣ" ಅಂತ ನನ್ನ ಆಫೀಸಿನ ಗೆಳೆಯನೊಬ್ಬ ಅಂದ. ಆ್ಯಪ್ ಮಾಡೋಣ ಅಂತ ಬೇರೆ. ನಮ್ಮ ಜಾತಿಯವರಿಗೆ ಎಲ್ಲಕ್ಕೂ ಆ್ಯಪೇ ಮದ್ದು! ಏಳು ಚಲನೆಗಳನ್ನು ಮಾಡಿಸಿ 21ಕ್ಕೆ ಅಂಕ ಕೊಡೋ ಫಂಕ್ಷನಲ್ ಮೂವ್‌ಮೆಂಟ್ ಸ್ಕ್ರೀನ್ ಅಂತ ಒಂದಿದೆ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ ಅಂತ 2007ರಲ್ಲಿ ಒಂದೇ ಒಂದು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡದ ಮೇಲಿನ ಅಧ್ಯಯನ ಹೇಳಿತು, ಆ ಸಂಖ್ಯೆ ಲೋಕವೆಲ್ಲಾ ತಿರುಗಿತು. ಆಮೇಲಿನ ಅಧ್ಯಯನಗಳಲ್ಲಿ ಅದರ ಭವಿಷ್ಯ ಅಷ್ಟೇನೂ ನಿಜವಾಗಲಿಲ್ಲ. 2016ರಲ್ಲಿ ನಾರ್ವೆಯ ರೋಲ್ಡ್ ಬಾರ್ ಅನ್ನೋ ವೈದ್ಯ, ಇಂಥ ಪರೀಕ್ಷೆಗಳು ಗಾಯವನ್ನು ಮುಂದಾಗಿ ಹೇಳಲಾರವು, ಬಹುಶಃ ಮುಂದೆಯೂ ಹೇಳಲಾರವು ಅಂತ ನೇರವಾಗಿ ಬರೆದರು.

ಯಾಕೆ ಅಂತ ಬೆರಳೆಣಿಕೆಯಲ್ಲಿ ನೋಡಿ. ಸುಮ್ಮನೆ ಲೆಕ್ಕಕ್ಕೆ ನೂರು ಆಟಗಾರರು, ಅವರಲ್ಲಿ 20 ಜನಕ್ಕೆ ಗಾಯ ಆಗುತ್ತೆ ಅಂತಿಟ್ಟುಕೊಳ್ಳಿ. ಟೆಸ್ಟು ಆ 20ರಲ್ಲಿ 14 ಜನರನ್ನು ಹಿಡಿಯಿತು, ಜೊತೆಗೆ ಏನೂ ಆಗದ 80ರಲ್ಲಿ 32 ಜನರನ್ನೂ ಹಿಡಿಯಿತು. ಈಗ 46 ಜನ 'ಅಪಾಯ' ಪಟ್ಟಿಯಲ್ಲಿ, ಅವರಲ್ಲಿ 32 ಜನ ಸುಮ್ಮನೆ ಮನೆಗೆ. ಪಾಸಾದವರಲ್ಲಿ 6 ಜನಕ್ಕೆ ಗಾಯ. ಕ್ರೀಡಾ ಕೋಟಾ ನಂಬಿಕೊಂಡ ಬಡವರ ಹುಡುಗನನ್ನು ಈ ಲೆಕ್ಕದ ಮೇಲೆ ಕೈಬಿಡ್ತೀರಾ?

ಟೆಸ್ಟೇ ಬೇಡ ಅಂತ ನಾನು ಹೇಳ್ತಿಲ್ಲ. ಎದೆನೋವು ಬರುತ್ತಾ, ಓಡುವಾಗ ತಲೆ ತಿರುಗಿ ಬಿದ್ದಿದ್ದೀಯಾ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲಿ ದಿಢೀರ್ ಅಂತ ಸತ್ತಿದ್ದಾರಾ ಅಂತ ಡಾಕ್ಟರು ಕೇಳಲೇಬೇಕು. ಎಷ್ಟು ದೂರ ಜಿಗಿಯುತ್ತಾನೆ ಅಂತ ಬರೆದಿಟ್ಟರೆ, ನಾಳೆ ಗಾಯವಾಗಿ ವಾಪಸ್ ಬಂದಾಗ ಹೋಲಿಸೋಕೆ ಆಗುತ್ತೆ. ಆದರೆ ಎಲ್ಲಕ್ಕಿಂತ ಮೊದಲು ಬೇಕಾದ್ದು ಒಂದು ಹಾಳೆ, ಒಂದು ಪೆನ್ನು, ಒಂದು ಪ್ರಶ್ನೆ: ಹಿಂದೆ ಎಲ್ಲಿ ಪೆಟ್ಟಾಗಿತ್ತು? ಹಳೆ ಗಾಯದಷ್ಟು ದೊಡ್ಡ ಸುಳಿವು ಇನ್ನೊಂದಿಲ್ಲ. ಮತ್ತೆ ಹೇಳಿದವನನ್ನು ತಂಡದಿಂದ ತೆಗೆಯಲ್ಲ ಅಂತ ಮಾತು ಕೊಡಬೇಕು, ಇಲ್ಲದಿದ್ದರೆ ಎಲ್ಲರೂ ನಮ್ಮ ಹುಡುಗನ ಹಾಗೆ ಬಾಯಿ ಮುಚ್ಚಿಕೊಂಡೇ ಇರ್ತಾರೆ.

ಆಮೇಲೆ ಎರಡು ಮೂರು ವಾರ ನಿಧಾನಕ್ಕೆ ವೇಗ ಏರಿಸಲಿ, ಕೊನೆಗೆ ಬೇಕಾದರೆ ಆರಿಸಲಿ. ದುಡ್ಡಿಲ್ಲ ಅನ್ನೋ ಮಾತು ಬೇಡ. ಫುಟ್‌ಬಾಲಿನವರ 'ಫೀಫಾ 11+' ವಾರ್ಮ್‌ಅಪ್‌ಗೆ 20 ನಿಮಿಷ ಸಾಕು. 2008ರಲ್ಲಿ ಪ್ರಕಟವಾದ ನಾರ್ವೆಯ ಹುಡುಗಿಯರ ಮೇಲಿನ ದೊಡ್ಡ ಅಧ್ಯಯನದಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ಅನ್ನೋ ವ್ಯಾಯಾಮ ಇದೆ. ಮೊಣಕಾಲೂರಿ ಕೂರೋದು, ಹಿಂದಿನವನು ಹಿಮ್ಮಡಿ ಒತ್ತಿ ಹಿಡಿಯೋದು, ಮೈ ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗೋದು. ಇದನ್ನ ತಪ್ಪದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಅರ್ಧದಷ್ಟು ಇಳಿದಿದೆ. ಬೇಕಾದ ಸಾಮಾನು: ಮೊಣಕಾಲ ಕೆಳಗೆ ಮಡಚಿಟ್ಟ ಒಂದು ಗೋಣಿಚೀಲ.

ತಮ್ಮ ಈ ಸಲ ತಂಡದಲ್ಲಿಲ್ಲ. ಕೊನೆ ವರ್ಷ, ಆ ಕಾಲೇಜಿನಿಂದ ಇನ್ನೊಂದು ಸೀಸನ್ ಇಲ್ಲ. ಬಸ್ಸು ಹತ್ತೋ ಮೊದಲು ಫೋನಿನಲ್ಲಿ ನಾರ್ಡಿಕ್ ವಿಡಿಯೋ ತೋರಿಸಿದೆ, ಫಿಸಿಯೋ ಹೂಂ ಅಂದ ಮೇಲೆ ಶುರು ಮಾಡು ಅಂದೆ. ನೋಡಿ ನಕ್ಕ. "ಇಷ್ಟೇನಾ? ಇದನ್ನ ಮೊದಲ ಯಾಕ ಹೇಳಲಿಲ್ಲಣ್ಣ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮಲ್ಲಿ ಕಾಲೇಜು ಟೀಮಿಗೆ ಆಡಿದವರು ಇದ್ದೀರಲ್ಲ, ಸೆಲೆಕ್ಷನ್ ದಿನ ಯಾರಾದರೂ ನಿಮ್ಮ ಹಳೆ ಗಾಯ ಕೇಳಿದ್ದರಾ? ಕಾಮೆಂಟಿನಲ್ಲಿ ಬರೀರಿ. ಮಾಸ್ತರರ ಪರ ಜಗಳಕ್ಕೆ ಬರೋರಿಗೂ ಸ್ವಾಗತ :-)