ಬಲವಂತದಿಂದ ತೆತ್ತ ಹಣ

ಸಾಲ ಮಾಡಿದವನು ಒಬ್ಬ. ಜಪ್ತಿಯಾದದ್ದು ಮತ್ತೊಬ್ಬನ ಸೊತ್ತು. ಅಣ್ಣನ ಮೇಲಣ ಡಿಕ್ರಿಗಾಗಿ, ಎಂದೋ ಪಾಲಾಗಿ ಬೇರೆಯಾದ ತಮ್ಮನ ಅಂಗಡಿಗೆ ಅಮೀನನು ಬೀಗಮುದ್ರೆ ಹಾಕಿದನೆಂದು ಎಣಿಸೋಣ. ಒಳಗೆ ಸರಕು ಕೆಡುವುದು, ಹೊರಗೆ ಮಾನ ಹೋಗುವುದು. "ಮೊದಲು ಹಣ ಕಟ್ಟು, ಆಮೇಲೆ ಹಕ್ಕಿನ ಮಾತು" ಎಂದು ಡಿಕ್ರಿದಾರನು ಪಟ್ಟು ಹಿಡಿಯುವನು. ತಮ್ಮನು ಹೆಂಡತಿಯ ಒಡವೆಯನ್ನು ಒತ್ತೆಯಿಟ್ಟು ಹಣ ತೆರುವನು, ಬೀಗ ತೆಗೆಯುವುದು. ಊರಿನವರು ಮಾತ್ರ "ಕೊಟ್ಟದ್ದು ಹೋಯಿತು, ತನ್ನ ಸಾಲವಲ್ಲದಿದ್ದರೆ ತೆರುತ್ತಿದ್ದನೆ?" ಎಂದು ತೀರ್ಪು ಹೇಳಿಬಿಡುವರು. ಓದುಬರಹ ಬಲ್ಲ ಮಹಾಶಯರೂ ಈ ತೀರ್ಪನ್ನೇ ನಂಬಿರುವುದರಿಂದ ನಾವು ಎರಡು ಮಾತುಗಳನ್ನು ಬರೆಯಬೇಕಾಗಿದೆ.

ಕಾಯಿದೆಯು ಊರಿನವರಷ್ಟು ನಿಷ್ಕರುಣಿಯಲ್ಲ. 1872ನೆಯ ಇಸವಿಯ ಕರಾರು ಕಾಯಿದೆಯ 72ನೆಯ ಕಲಮಿನ ಪ್ರಕಾರ, ತಪ್ಪು ತಿಳಿವಳಿಕೆಯಿಂದಾಗಲಿ ಬಲಾತ್ಕಾರದಿಂದಾಗಲಿ ಸಂದ ಹಣವನ್ನು ಪಡೆದವನು ಹಿಂದಿರುಗಿಸತಕ್ಕದ್ದು. ಅಕ್ರಮವಾದ ಬಾಡಿಗೆಯನ್ನು ಕೊಟ್ಟ ಹೊರತು ಸರಕನ್ನು ಬಿಡೆನೆಂದು ರೈಲ್ವೆ ಕಂಪೆನಿಯು ತಡೆದರೆ, ಕೊಟ್ಟು ಬಿಡಿಸಿಕೊಂಡವನು ಹೆಚ್ಚಿಗೆಯ ಮೊಬಲಗನ್ನು ಮರಳಿ ಪಡೆಯಬಹುದೆಂಬ ದೃಷ್ಟಾಂತವೂ ಆ ಕಲಮಿನಲ್ಲಿಯೇ ಇದೆ.

ಆದರೆ ಬಲಾತ್ಕಾರವೆಂದರೆ ಏನು? ಅದೇ ಕಾಯಿದೆಯ 15ನೆಯ ಕಲಮು ಈ ಪದಕ್ಕೆ ಇಕ್ಕಟ್ಟಾದ ಅರ್ಥವನ್ನು ಕೊಟ್ಟಿದೆ. ಅದನ್ನೇ ಹಿಡಿದು, ನ್ಯಾಯಾಲಯದ ಮೂಲಕವಾದ ಜಪ್ತಿಯು ಬಲಾತ್ಕಾರವಲ್ಲವೆಂದು ವಾದಿಸುವವರಿದ್ದರು. 1913ರಲ್ಲಿ ಕನ್ಹಯ್ಯಾಲಾಲ್ ಮತ್ತು ನ್ಯಾಷನಲ್ ಬ್ಯಾಂಕ್ ಆಫ್ ಇಂಡಿಯಾ ಇವರೊಳಗಣ ವ್ಯಾಜ್ಯವು ಅಂದಿನ ಪರಮೋಚ್ಚ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ಲಿನ ಮುಂದೆ ಬಂದಿತು. ಅಲ್ಲಿಯೂ ಇತರರ ಸಾಲಕ್ಕಾಗಿ ತನ್ನ ಸೊತ್ತು ಜಪ್ತಿಯಾಯಿತೆಂಬುದೂ, ಬಿಡಿಸಿಕೊಳ್ಳಲು ತಕರಾರಿನೊಡನೆ ಹಣ ತೆತ್ತೆನೆಂಬುದೂ ವಾದಿಯ ಅಹವಾಲು. 15ನೆಯ ಕಲಮಿನ ಅರ್ಥವು ಕರಾರಿನ ಒಪ್ಪಿಗೆಗೆ ಸಂಬಂಧಿಸಿದ್ದು. 72ನೆಯ ಕಲಮಿನಲ್ಲಿ ಆ ಪದವನ್ನು ಲೋಕರೂಢಿಯ ಅರ್ಥದಲ್ಲಿಯೇ ತಿಳಿಯಬೇಕು ಎಂದು ಪೀಠವು ನಿರ್ಣಯಿಸಿತು. ಇದು ವಿವೇಕದ ಮಾತು. ಬೀಗ ಬಿದ್ದ ಅಂಗಡಿಯ ಮುಂದೆ ನಿಂತವನ ಒಪ್ಪಿಗೆಯನ್ನು ಯಾರು ತಾನೆ ಒಪ್ಪಿಗೆಯೆನ್ನುವರು?

ನಿಜವಾದ ಸಾಲಗಾರನ ಕಡೆಗೂ ಒಂದು ದಾರಿಯುಂಟು. ಇನ್ನೊಬ್ಬನು ಕಾಯಿದೆಯಂತೆ ಕೊಡಬೇಕಾದುದನ್ನು ತನ್ನ ಹಿತವನ್ನು ಉಳಿಸಿಕೊಳ್ಳಲು ತಾನು ತೆತ್ತವನಿಗೆ 69ನೆಯ ಕಲಮು ನೆರವಾಗುತ್ತದೆ. ಜಮೀನ್ದಾರನ ಕಂದಾಯದ ಬಾಕಿಗಾಗಿ ಭೂಮಿ ಹರಾಜಿಗೆ ಬಂದಾಗ, ತನ್ನ ಗೇಣಿಯ ಹಕ್ಕು ಅಳಿಯದಿರಲೆಂದು ಬಾಕಿ ಕಟ್ಟಿದ ಬಂಗಾಳದ ಗೇಣಿದಾರನ ದೃಷ್ಟಾಂತವು ಅಲ್ಲಿದೆ. ಆದರೆ ಒಂದೇ ಹಣವನ್ನು ಎರಡು ಕಡೆ ವಸೂಲು ಮಾಡುವಂತಿಲ್ಲ.

ಹೀಗಾದರೆ ಯಾವ ರಾಜಿಯೂ ನಿಲ್ಲದೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಹುರುಳಿಲ್ಲದ್ದಲ್ಲ. ಆದರೆ ಸಂದೇಹವಿದ್ದ ವ್ಯಾಜ್ಯವನ್ನು ತಿಳಿದು ತಿಳಿದು ರಾಜಿಯಿಂದ ಮುಗಿಸಿಕೊಂಡವನು ಆಮೇಲೆ ಪಶ್ಚಾತ್ತಾಪಪಟ್ಟರೆ ಅದು ಬಲಾತ್ಕಾರವಾಗದು. ನ್ಯಾಯವಾದ ದಾವಾ ಹೂಡುವೆನೆಂಬ ಎಚ್ಚರಿಕೆಯೂ ಬಲಾತ್ಕಾರವಲ್ಲ. ತನ್ನ ಮೇಲೆಯೇ ಆದ ಡಿಕ್ರಿಯಂತೆ ಕಟ್ಟಿದ ಹಣವು, ಆ ಡಿಕ್ರಿಯು ರದ್ದಾಗುವವರೆಗೆ ಈ ದಾರಿಯಿಂದ ಮರಳದು. ಹಕ್ಕಿಲ್ಲದ ಒತ್ತಡಕ್ಕೆ ಬೇರೆ ದಾರಿ ಕಾಣದೆ ತೆತ್ತವನ ಮಾತನ್ನಷ್ಟೇ ನಾವು ಆಡುತ್ತಿರುವುದು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಜಪ್ತಿಯಾದೊಡನೆ, ಹರಾಜಿಗೆ ಮುಂಚೆ, ಸಿವಿಲ್ ಪ್ರೊಸೀಜರ್ ಕೋಡಿನ 21ನೆಯ ಆರ್ಡರಿನ 58ನೆಯ ರೂಲಿನಂತೆ ತಕರಾರು ಅರ್ಜಿ ಕೊಡಿರಿ. 1976ರ ತಿದ್ದುಪಡಿಯ ತರುವಾಯ ಹಕ್ಕಿನ ಪ್ರಶ್ನೆಯೂ ಅದರಲ್ಲಿಯೇ ತೀರ್ಮಾನವಾಗುತ್ತದೆ. ಅಷ್ಟಕ್ಕೆ ಪುರಸತ್ತಿಲ್ಲದೆ ಹಣ ತೆರಬೇಕಾದರೆ ಬಾಯಿ ಮುಚ್ಚಿಕೊಂಡು ತೆರಬೇಡಿರಿ. ತಕರಾರಿನೊಡನೆ ಕೊಟ್ಟದ್ದೆಂದು ರಸೀದಿಯ ಮೇಲೆ ಬರೆಯಿಸಿರಿ. ಬರೆಯಲೊಲ್ಲೆನೆಂದರೆ ಅದೇ ದಿನ ರಿಜಿಸ್ಟರು ಕಾಗದ ಹಾಕಿರಿ. ಆ ಒಂದು ಪದದಿಂದಲೇ ದಾವಾ ಗೆಲ್ಲದು. ಆದರೂ ಮನಸ್ಸಿನ ಸ್ಥಿತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ದುರ್ಲಭ. ಮೂರು ವರ್ಷಗಳ ಮುದ್ದತ್ತು ಸಾಮಾನ್ಯವಾಗಿ ಹಣ ಸಂದ ದಿನದಿಂದಲೇ ನಡೆಯುವುದೆಂಬುದನ್ನೂ ಮರೆಯಬೇಡಿರಿ.

ಅಧಿಕಾರಿಗಳಿಗೂ ಒಂದು ಮಾತು. ಹಣ ಕಟ್ಟಲು ಬಂದವನ ತಕರಾರನ್ನು ದಾಖಲೆಗೆ ತೆಗೆದುಕೊಳ್ಳಲು ಒಂದು ಸಾಲಿನ ಮಸಿ ಸಾಕು. ಆ ಸಾಲನ್ನು ಬರೆಯದೆ ಅವನನ್ನು ಗದರಿಸಿ ಕಳುಹಿಸುವ ಗುಮಾಸ್ತನು, ತಾನರಿಯದೆಯೇ, ಅನ್ಯಾಯದ ಕಡೆಗೆ ಸಾಕ್ಷಿ ಹೇಳಿದಂತಾಗುವುದು. ಕಾಯಿದೆಯು ಹಿಂದಿರುಗಿಸೆಂದ ಹಣವನ್ನು ಕಚೇರಿಯ ಅಸಡ್ಡೆಯು ನುಂಗಬಾರದು.