ಆಸ್ಪತ್ರೆ ತಲುಪಿದರೂ ಉಳಿಯದ ತಾಯಂದಿರು

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಕೆಲವು ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸ್ವಸ್ಥರಾದರು. ಮೂತ್ರಪಿಂಡಕ್ಕೆ ತೊಂದರೆಯಾಯಿತು. ಡಿಸೆಂಬರ್ ಮೊದಲ ವಾರದೊಳಗೆ ಐವರು ಕೊನೆಯುಸಿರೆಳೆದರು. ಅವರಿಗೆ ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿತು. ಸರಕಾರ ಅದರ ಬಳಕೆ ನಿಲ್ಲಿಸಿ, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಈ ತಾಯಂದಿರು ಮನೆಯಲ್ಲಿ ಹೆತ್ತವರಲ್ಲ. 'ಹೆರಿಗೆಗೆ ಆಸ್ಪತ್ರೆಗೇ ಹೋಗಿ' ಎಂದು ನಾವೆಲ್ಲ ಹೇಳಿದಂತೆ ಆಸ್ಪತ್ರೆಗೆ ಬಂದವರು. ನಮ್ಮನ್ನು ಕಾಡಬೇಕಾದದ್ದು ಇದೇ.

ರಾಜ್ಯದ ಸಾಧನೆ ಕಡಿಮೆಯೇನಲ್ಲ. ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಈಗ ನೂರರಲ್ಲಿ ಸುಮಾರು 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೆ 2018-20ರಲ್ಲಿ ನೆರೆಯ ಕೇರಳದಲ್ಲಿ ಈ ಸಂಖ್ಯೆ ಬರೇ 19. ಅಂದರೆ ಆಸ್ಪತ್ರೆಯ ಬಾಗಿಲು ತಲುಪಿದರೆ ಸಾಲದು, ಒಳಗೆ ಸಿಗುವ ಆರೈಕೆಯೂ ಸರಿಯಿರಬೇಕು.

ಬಳ್ಳಾರಿ ಘಟನೆಯ ಬಳಿಕ ಸರಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ಶೇಕಡಾ 70ರಷ್ಟು ಸಾವುಗಳನ್ನು ತಪ್ಪಿಸಬಹುದಿತ್ತು ಎಂಬುದು ಅದರ ತೀರ್ಮಾನ. ದ್ರಾವಣದ ಸಂಶಯವಿದ್ದದ್ದು 18 ಪ್ರಕರಣಗಳಲ್ಲಿ ಮಾತ್ರ. ಹಾಗಾದರೆ ಉಳಿದವರ ಗತಿ?

ತಾಯಂದಿರ ಪ್ರಾಣ ತೆಗೆಯುವ ಕಾರಣಗಳು ಹಳೆಯವೇ: ಹೆರಿಗೆಯ ನಂತರದ ರಕ್ತಸ್ರಾವ, ಏರುವ ರಕ್ತದೊತ್ತಡ, ಸೋಂಕು. ಇವುಗಳ ಹಿಂದೆ ರಕ್ತಹೀನತೆಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ನೂರು ಗರ್ಭಿಣಿಯರಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ. ಅಂಥವರು ಸ್ವಲ್ಪ ರಕ್ತ ಹೋದರೂ ತಾಳಲಾರರು. ಹತ್ತಿರದ ಆಸ್ಪತ್ರೆಯಲ್ಲಿ ರಕ್ತವಿಲ್ಲ, ಅರಿವಳಿಕೆ ವೈದ್ಯರಿಲ್ಲ ಎಂದು ದೂರದ ಜಿಲ್ಲಾಸ್ಪತ್ರೆಗೆ ಕಳುಹಿಸಿದರೆ ದಾರಿಯಲ್ಲೇ ಹೊತ್ತು ಮೀರುತ್ತದೆ.

ಔಷಧಗಳ ಗುಣಮಟ್ಟ ಪರೀಕ್ಷೆ, ರಾತ್ರಿ ಪಾಳಿಗೂ ತಜ್ಞರು, ರಕ್ತದ ದಾಸ್ತಾನು, ಪ್ರತಿ ಸಾವಿನ ಪ್ರಾಮಾಣಿಕ ತನಿಖೆ: ಇವು ಸರಕಾರದ ಹೊಣೆ. ನಮ್ಮ ಪಾಲಿನದ್ದೂ ಇದೆ. ನಮ್ಮ ವಾರ್ಡಿನ ಗರ್ಭಿಣಿಯರು ತಾಯಿ ಕಾರ್ಡಿನಂತೆ ತಪಾಸಣೆಗೆ ಹೋಗುತ್ತಿದ್ದಾರೆಯೇ, ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸೋಣ. ರಕ್ತದಾನಿಗಳ ಪಟ್ಟಿ, ವಾಹನದ ವ್ಯವಸ್ಥೆ ಮೊದಲೇ ಸಿದ್ಧವಿರಲಿ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಬಾಣಂತಿಯ ಸಾವನ್ನು ಹಣೆಬರಹವೆಂದು ಸುಮ್ಮನಾಗುವುದು ಬೇಡ. ಯಾಕೆ ಸತ್ತಳು ಎಂದು ಕೇಳೋಣ. ಉತ್ತರ ಸಿಗುವ ತನಕ ಕೇಳೋಣ.