ತಿಮ್ಮಯ್ಯನವರ ಕೊರಿಯಾ ಎಲ್ಲಿ?

ಸೇನಾ ದಿನಕ್ಕೆಂದು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ನಮಗೆ ಬಂದ ಲೇಖನಗಳಲ್ಲಿ ಜನರಲ್ ತಿಮ್ಮಯ್ಯ ಕಾಶ್ಮೀರ ಯುದ್ಧದಲ್ಲಿ ಜೊಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಅಲ್ಲೇ ನಿಂತುಬಿಟ್ಟಿದ್ದಾರೆ. ಬೆಂಗಳೂರಿನ ವಿಶೇಷಾಂಕಗಳಿಗೋ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ 1959ರ ಜಗಳವೊಂದಿದ್ದರೆ ಸಾಕು. ಚುನಾವಣೆ ಬಂದರೆ ವೇದಿಕೆಯ ಮೇಲೂ ಅದೇ. ಸಿಪ್ಪೆ ನೋಡಿ ಕೊಬ್ಬರಿಗೆ ಬೆಲೆ ಕಟ್ಟುವವರು ತಿಪಟೂರು ಮಂಡಿಯಲ್ಲಿ ಒಬ್ಬರೂ ಇಲ್ಲ. ನಮ್ಮ ಬರಹಗಾರರೇಕೆ ಸಮವಸ್ತ್ರ ನೋಡಿ ಮನುಷ್ಯನನ್ನು ಅಳೆಯುತ್ತಾರೆ?

1953ರ ಕೊರಿಯಾ ನೋಡಿ. ಯುದ್ಧ ನಿಂತಿತ್ತು. ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ, ಉತ್ತರ ಕೊರಿಯಾದ ಸೆರೆಯಾಳುಗಳ ಹೊಣೆ ಐದು ತಟಸ್ಥ ರಾಷ್ಟ್ರಗಳ ಆಯೋಗದ ಮೇಲೆ ಬಿತ್ತು. ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ. ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಾಗ ನಮ್ಮವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಡೇರೆಯೊಳಗೆ ಸೆರೆಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಅವರ ದೇಶದ ಪ್ರತಿನಿಧಿಗಳು ಮಾತಾಡಿಸುತ್ತಿದ್ದರು. ಹೊರಹೋಗಲು ಎರಡು ಬಾಗಿಲು: ಒಂದು ತವರಿಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಕೆಲವರು ಕಿರುಚುತ್ತಿದ್ದರು, ಎದುರಿಗಿದ್ದವರ ಮೇಲೆ ಎರಗುತ್ತಿದ್ದರು. ನಮ್ಮ ಕಾವಲಿನವರು ತೋಳು ಹಿಡಿದು ತಡೆಯುತ್ತಿದ್ದರು. ಆಯೋಗದಲ್ಲಿ ಪೋಲೆಂಡ್, ಚೆಕೊಸ್ಲೊವಾಕಿಯ ಒಂದು ಕಡೆ, ಸ್ವೀಡನ್, ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ನಡುವೆ ಕೂತ ತಿಮ್ಮಯ್ಯ ಯಾರನ್ನೂ ಬಲವಂತವಾಗಿ ಊರಿಗೆ ಅಟ್ಟಲು ಬಿಡಲಿಲ್ಲ. ಎರಡು ಬಣಗಳಿಂದಲೂ ಬೈಸಿಕೊಂಡರು. 1954ರ ಆರಂಭದಲ್ಲಿ ಕೆಲಸ ಮುಗಿದಾಗ, ಯಾವ ಕೊರಿಯಾವೂ ಬೇಡ, ಯಾವ ಚೀನಾವೂ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಜನ ಹಡಗು ಹತ್ತಿ ಭಾರತಕ್ಕೆ ಬಂದರು.

ಬರ್ಮಾದಲ್ಲಿ ಜಪಾನೀಯರೆದುರು ಪಡೆ ನಡೆಸಿ ಬ್ರಿಟಿಷರ ಡಿಎಸ್‌ಒ ಪದಕ ಪಡೆದವರು ತಿಮ್ಮಯ್ಯ. ಕೊಲ್ಲುವುದೇನೆಂದು ಬಲ್ಲವರಾದ್ದರಿಂದಲೇ ಆ ಡೇರೆಗಳಲ್ಲಿ ಗುಂಡು ಹಾರದಂತೆ ನೋಡಿಕೊಳ್ಳುವ ತಾಳ್ಮೆ ಅವರಿಗಿತ್ತು ಎಂದು ನಾನು ನಂಬಿದ್ದೇನೆ. ಜೊಜಿಲಾಕ್ಕಿಂತ ಇದು ಚಿಕ್ಕ ಸಾಹಸವೆನ್ನುವವರ ಜೊತೆ ನನಗೆ ರಾಜಿಯಿಲ್ಲ.

1953ರಲ್ಲೇ ನಿವೃತ್ತ ಸೇನಾ ಮುಖ್ಯಸ್ಥ ಕಾರ್ಯಪ್ಪನವರು ಹೈಕಮಿಷನರಾಗಿ ಆಸ್ಟ್ರೇಲಿಯಕ್ಕೆ ಹೋದರು. ಕಾರ್ಯಪ್ಪನವರನ್ನು ನೆಹರು ಸಾಗಹಾಕಿದರು ಎಂದು ಇಂದಿಗೂ ಬರೆಯುತ್ತಾರೆ. ಬಿಳಿಯರಿಗಷ್ಟೇ ಬಾಗಿಲು ತೆರೆದ ದೇಶದಲ್ಲಿ ನಿಂತು ಆ ನೀತಿಯನ್ನು ಬಹಿರಂಗವಾಗಿ ಟೀಕಿಸಿದ್ದು ಗಡೀಪಾರಾದವರ ಕೆಲಸವೇ? ರಾಯಭಾರವನ್ನು ಶಿಕ್ಷೆಯೆಂದು ಬಗೆಯುವ ಈ ಚಾಳಿ ಮೊದಲು ತೊಲಗಬೇಕು.

ಈ ಸಂಚಿಕೆಯ ವಸ್ತು: ಸಂಧಾನ. ಮುಂದಿನದಕ್ಕೆ ಸೈಪ್ರಸ್ ಬಗ್ಗೆ ಬರೆದು ಕಳಿಸಿ. ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತ 1965ರ ಡಿಸೆಂಬರಿನಲ್ಲಿ ತಿಮ್ಮಯ್ಯ ತೀರಿಕೊಂಡದ್ದು ಅಲ್ಲೇ.